ಕಟ್ಟಡದ ಕಥೆ ಕಟ್ಟುಕಥೆಯಾಗದಂತೆ

ಪ್ರಶ್ನೆ: ನಾನು ಬೆಂಗಳೂರಿನಲ್ಲಿ ವಾಸ್ತುಶಿಲ್ಪ ಓದುತ್ತಿರುವ ಕೊನೆಯ ವರ್ಷದ ವಿದ್ಯಾರ್ಥಿನಿ. ನಮ್ಮ ಬಡಾವಣೆಯಲ್ಲಿ ಕೆಲವು ವರ್ಷಗಳ ಹಿಂದೆ ಕೆಳಗೆ ಬಸ್ ನಿಲ್ದಾಣ, ಮೇಲೆ ಮಳಿಗೆಗಳಿರುವ ದೊಡ್ಡ ಕಟ್ಟಡವೊಂದು ಎದ್ದಿತು. ಅದರ ಬಗ್ಗೆ ಕನ್ನಡದಲ್ಲಿ ಹನ್ನೆರಡು ಪುಟಗಳ ವಿಮರ್ಶೆ ಬರೆದಿದ್ದೇನೆ. ಮೊದಲ ಕರಡನ್ನು ಓದಿದ ಗೆಳತಿಯರು ಪ್ರಾಜೆಕ್ಟ್ ವರದಿಯಂತಿದೆ ಎಂದರು. ಹಳೆಯ ನಿಲ್ದಾಣದ ಬಗ್ಗೆ ಅಜ್ಜಿ ಹೇಳುತ್ತಿದ್ದ ನೆನಪುಗಳನ್ನು ಸೇರಿಸಿದೆ. ಈಗ ನಮ್ಮ ಮೇಷ್ಟ್ರು ‘ಇದು ಕಥೆಯಾಯಿತು, ವಿಮರ್ಶೆ ಎಲ್ಲಿ?’ ಎನ್ನುತ್ತಾರೆ. ವಿಮರ್ಶೆಯಲ್ಲಿ ಕಥನಕ್ಕೆ ಎಷ್ಟು ಜಾಗ ಕೊಡಬೇಕು? ಕರಡನ್ನು ಎಲ್ಲಿಂದ ತಿದ್ದಲು ಶುರು ಮಾಡಬೇಕು?

ಉತ್ತರ: ನಿಮ್ಮ ಕರಡನ್ನು ಎರಡು ಸಲ ಓದಿದೆ. ಗೆಳತಿಯರೂ ಮೇಷ್ಟ್ರೂ ಬೇರೆ ಬೇರೆ ಮಾತುಗಳಲ್ಲಿ ತೋರಿಸಿರುವುದು ಒಂದೇ ಕೊರತೆಯನ್ನು. ಮೊದಲ ನಾಲ್ಕು ಪುಟಗಳಲ್ಲಿ ಕಟ್ಟಡವಿದೆ, ಅದರಲ್ಲಿ ಮನುಷ್ಯರಿಲ್ಲ. ಐದು ಮತ್ತು ಆರನೆಯ ಪುಟಗಳಲ್ಲಿ ನಿಮ್ಮ ಅಜ್ಜಿ ಇದ್ದಾರೆ, ಅವರ ಸುತ್ತ ಕಟ್ಟಡವಿಲ್ಲ. ಹೊಂಗೆಮರದ ನೆರಳು, ಕಲ್ಲುಬೆಂಚಿನ ಮೇಲೆ ಇಟ್ಟ ತರಕಾರಿ ಚೀಲ, ಕಂಡಕ್ಟರ್ ಅವರಿಗಾಗಿ ಬಸ್ಸು ನಿಲ್ಲಿಸುತ್ತಿದ್ದ ದಿನಗಳು, ಇವೆಲ್ಲ ಮನಸ್ಸಿಗೆ ತಟ್ಟುತ್ತವೆ. ಆದರೆ ನೀವು ವಿಮರ್ಶಿಸಲು ಹೊರಟ ಹೊಸ ಕಟ್ಟಡದೊಳಗೆ ಅಜ್ಜಿ ಒಮ್ಮೆಯೂ ಕಾಲಿಡುವುದಿಲ್ಲ. ಅವರು ಅಲ್ಲಿಯ ಮೆಟ್ಟಿಲು ಹತ್ತುವಾಗ ಎಷ್ಟನೆಯ ಮೆಟ್ಟಿಲಲ್ಲಿ ನಿಂತು ಸುಧಾರಿಸಿಕೊಂಡರು, ಕೈಗೆ ಕಂಬಿ ಸಿಕ್ಕಿತೇ, ಬಸ್ಸಿನ ಹೆಸರು ಬರೆದ ಫಲಕ ಅವರ ಕಣ್ಣಿಗೆ ನಿಲುಕಿತೇ ಎಂಬುದನ್ನು ನೀವು ಬರೆದಿದ್ದರೆ ಆ ಎರಡು ಪುಟಗಳು ಕಥೆಯೂ ಆಗುತ್ತಿದ್ದವು, ವಿಮರ್ಶೆಯೂ ಆಗುತ್ತಿದ್ದವು.

ಆದ್ದರಿಂದ ಕಥನಕ್ಕೆ ಎಷ್ಟು ಜಾಗ ಎಂಬ ನಿಮ್ಮ ಪ್ರಶ್ನೆಯನ್ನು ಸ್ವಲ್ಪ ತಿರುಗಿಸಿಕೊಂಡು ಉತ್ತರಿಸುತ್ತೇನೆ. ಹೊರಗಿನಿಂದ ತಂದು ಅಂಟಿಸಿದ ಕಥೆಗೆ ವಾಸ್ತುಶಿಲ್ಪ ವಿಮರ್ಶೆಯಲ್ಲಿ ಒಂದು ಸಾಲಿನ ಜಾಗವೂ ಬೇಕಾಗಿಲ್ಲ. ಕಟ್ಟಡ ತಾನಾಗಿ ಹುಟ್ಟಿಸುವ ಕಥೆಗೆ ಇಡೀ ಲೇಖನವನ್ನೇ ಬಿಟ್ಟುಕೊಡಬಹುದು. ಇವೆರಡನ್ನು ಬೇರ್ಪಡಿಸುವ ಕೆಲಸವನ್ನೇ ನಾನು ತಿದ್ದುವುದು ಎಂದು ಕರೆಯುತ್ತೇನೆ. ಅದರ ಬಹುಪಾಲನ್ನು ಮೇಜಿನ ಮುಂದೆ ಕುಳಿತು ಮಾಡಲಾಗದು, ಕರಡನ್ನು ಕೈಯಲ್ಲಿ ಹಿಡಿದು ಆ ಕಟ್ಟಡಕ್ಕೇ ಮರಳಿ ಹೋಗಬೇಕು. ಕನ್ನಡದಲ್ಲಿ ನಾವು ಮನೆಯನ್ನೂ ಕಟ್ಟುತ್ತೇವೆ, ಪದವನ್ನೂ ಕಟ್ಟುತ್ತೇವೆ, ಕಥೆಯನ್ನೂ ಕಟ್ಟುತ್ತೇವೆ. ಆದರೆ ‘ಕಟ್ಟುಕಥೆ’ ಎಂದ ಕೂಡಲೇ ಅದು ಸುಳ್ಳು ಎಂಬ ಅರ್ಥ ಬಂದುಬಿಡುತ್ತದೆ. ಕಟ್ಟಡಗಳ ಬಗ್ಗೆ ಬರೆಯುವವರು ಸದಾ ಎಚ್ಚರವಾಗಿರಬೇಕಾದ ಗೆರೆ ಅದು.

ನಿಮ್ಮ ಏಳನೆಯ ಪುಟದ ಕೆಳಗಡೆ ಒಂದು ವಾಕ್ಯವಿದೆ: ‘ಮೆಟ್ಟಿಲು ತಿರುಗುವ ಕಡೆ ಹೂವು ಮಾರುವ ಹೆಂಗಸೊಬ್ಬರು ಕೂರುತ್ತಾರೆ, ಅಲ್ಲಿ ಗಾಳಿ ಬರುತ್ತದಂತೆ.’ ಇಡೀ ಕರಡಿನಲ್ಲಿ ನನ್ನನ್ನು ತಡೆದು ನಿಲ್ಲಿಸಿದ ವಾಕ್ಯ ಇದು, ನೀವು ಅದನ್ನು ಬರೆದು ಮುಂದೆ ಹೋಗಿಬಿಟ್ಟಿದ್ದೀರಿ. ನೀವು ಲಗತ್ತಿಸಿರುವ ನಕ್ಷೆಯಲ್ಲಿ ಆ ತಾಣಕ್ಕೆ ಹೆಸರಿಲ್ಲ. ‘ಸಾರ್ವಜನಿಕ ಹಜಾರ’ ಎಂದು ನಕ್ಷೆಯಲ್ಲಿ ಬರೆದಿರುವ ಮೊದಲ ಮಹಡಿಯ ದೊಡ್ಡ ಕೋಣೆ ಬಹುತೇಕ ಖಾಲಿ ಇರುತ್ತದೆಂದು ನೀವೇ ಹೇಳುತ್ತೀರಿ. ಹೂವು ಬಾಡದಿರಲು ನೆರಳೂ ಗಾಳಿಯೂ ಬೇಕು, ಮಾರಾಟವಾಗಲು ಜನರ ಓಡಾಟ ಬೇಕು. ಎರಡೂ ಕೂಡುವ ಒಂದೇ ಒಂದು ಜಾಗವನ್ನು ಆಕೆ ಯಾವ ನಕ್ಷೆಯನ್ನೂ ನೋಡದೆ ಪತ್ತೆ ಮಾಡಿದ್ದಾರೆ. ಆ ಗಾಳಿ ಎಲ್ಲಿಂದ ಬರುತ್ತದೆ? ಕಟ್ಟಡವನ್ನು ಮೇಲಿಂದ ಕೆಳಕ್ಕೆ ಸೀಳಿದಂತೆ ತೋರಿಸುವ ನಿಮ್ಮ ಛೇದನಕ್ಷೆಯನ್ನು ನೋಡಿದರೆ ಎರಡು ಬ್ಲಾಕ್‌ಗಳ ನಡುವಿನ ಕಿರಿದಾದ ಸಂದು ನೇರವಾಗಿ ಆ ತಿರುವಿಗೆ ತೆರೆದುಕೊಳ್ಳುವುದು ಕಾಣುತ್ತದೆ. ಹಜಾರಕ್ಕೆ ಮಾತ್ರ ಒಂದೇ ಬದಿಯಲ್ಲಿ ಕಿಟಕಿಗಳಿವೆ, ಅವೂ ಪಶ್ಚಿಮಕ್ಕೆ. ‘ಆಕೆ ಅಲ್ಲೇ ಏಕೆ ಕೂರುತ್ತಾರೆ?’ ಎಂಬ ಒಂದು ಪ್ರಶ್ನೆಗೆ ಉತ್ತರ ಹುಡುಕುತ್ತ ಹೋದರೆ ಬಿಸಿಲು, ಗಾಳಿ, ಜನರ ಹರಿವು, ಸಣ್ಣ ವ್ಯಾಪಾರಿಗಳಿಗೆ ನಕ್ಷೆಯಲ್ಲೇ ಜಾಗ ಇಡದ ಧೋರಣೆ ಎಲ್ಲವೂ ಒಂದರ ಹಿಂದೊಂದು ಬರುತ್ತವೆ. ನೀವು ಪ್ರತ್ಯೇಕ ಉಪಶೀರ್ಷಿಕೆಗಳ ಕೆಳಗೆ ಹಂಚಿಹಾಕಿರುವ ಸಂಗತಿಗಳೇ ಅವು.

ಕಥನವೆಂದರೆ ಪಾತ್ರ ಮತ್ತು ಸಂಭಾಷಣೆ ಎಂದಷ್ಟೇ ತಿಳಿಯಬೇಡಿ. ಕಟ್ಟಡದ ಮಟ್ಟಿಗೆ ಕಥನದ ಮೊದಲ ಸಾಮಗ್ರಿ ಕ್ರಮ: ಯಾವುದು ಮೊದಲು ಕಾಣುತ್ತದೆ, ಯಾವುದು ಮರೆಯಲ್ಲಿ ಉಳಿಯುತ್ತದೆ, ಎಲ್ಲಿ ಹೆಜ್ಜೆ ನಿಧಾನವಾಗುತ್ತದೆ. ವಿಧಾನಸೌಧದ ಉದಾಹರಣೆ ತೆಗೆದುಕೊಳ್ಳಿ. ಉದ್ದ 700 ಅಡಿ, ಅಗಲ 350 ಅಡಿ, ಮುಂಭಾಗದಲ್ಲಿ 40 ಅಡಿ ಎತ್ತರದ 12 ಕಲ್ಲಿನ ಕಂಬಗಳು, 200 ಅಡಿಗಿಂತ ಅಗಲವಾದ 45 ಮೆಟ್ಟಿಲುಗಳು ಎಂದು ಬರೆದರೆ ಎಲ್ಲವೂ ಸರಿಯಾಗಿದ್ದೂ ಓದುಗರ ಕಣ್ಣಮುಂದೆ ಏನೂ ನಿಲ್ಲುವುದಿಲ್ಲ. ಮೆಟ್ರೊ ನಿಲ್ದಾಣದಿಂದ ಅಂಬೇಡ್ಕರ್ ವೀದಿಗೆ ಹತ್ತಿ ಬಂದವರು ಆ ಉದ್ದವನ್ನು ಸಾಧಾರಣ ನಡಿಗೆಯಲ್ಲಿ ದಾಟಲು ಸುಮಾರು ಮೂರು ನಿಮಿಷ ಬೇಕು ಎಂದು ಬರೆಯಿರಿ. ಆ ಮೂರು ನಿಮಿಷವೂ ಒಂದು ಬದಿಗೆ ಬೂದು ಬಣ್ಣದ ಕಲ್ಲು, ಇನ್ನೊಂದು ಬದಿಗೆ 1868ರಲ್ಲಿ ಪೂರ್ಣಗೊಂಡ ಅಠಾರಾ ಕಚೇರಿಯ, ಅಂದರೆ ಈಗಿನ ಹೈಕೋರ್ಟಿನ, ಕೆಂಪು ಬಣ್ಣ ಇರುತ್ತದೆ ಎಂದು ಬರೆಯಿರಿ. ಬ್ರಿಟಿಷ್ ಆಡಳಿತ ಕಾಲದ ಎರಡಂತಸ್ತಿನ ಕಚೇರಿಗೆ ಎದುರಾಗಿ, ಅದನ್ನು ಕುಬ್ಜಗೊಳಿಸುವಂತೆ, ಸ್ವತಂತ್ರ ಭಾರತದ ರಾಜ್ಯವೊಂದು 1951ರಿಂದ 1956ರವರೆಗೆ ತನ್ನ ಶಾಸನಸಭೆಯನ್ನು ಕಟ್ಟಿಕೊಂಡಿತು ಎಂಬ ಸಂಗತಿ ಆಗ ಓದುಗರ ಕಾಲಿಗೇ ತಿಳಿಯುತ್ತದೆ. ಆ 45 ಮೆಟ್ಟಿಲುಗಳ ಮೇಲೆ ಪ್ರಮಾಣವಚನ ಸಮಾರಂಭಗಳು ನಡೆದಿವೆ. ಉಳಿದ ದಿನಗಳಲ್ಲಿ ಹೆಚ್ಚಿನ ಜನ ಅವನ್ನು ಬೇಲಿಯ ಹೊರಗೆ ನಿಂತು ನೋಡುತ್ತಾರೆ. ಹತ್ತಲೆಂದು ಮಾಡಿದ ಮೆಟ್ಟಿಲು ನೋಡುವ ವಸ್ತುವಾಗಿದೆ ಎಂದು ಹೇಳಲು ಇಲ್ಲಿ ಪ್ರತ್ಯೇಕವಾದ ತೀರ್ಪಿನ ಪ್ಯಾರಾ ಬೇಕೇ? ನಡಿಗೆಯ ಕ್ರಮದಲ್ಲೇ ಅದು ಬಂದಾಗಿದೆ.

ಕ್ರಮದಷ್ಟೇ ಮುಖ್ಯವಾದ ಇನ್ನೊಂದು ಸಾಮಗ್ರಿ ಕಾಲ. ವಾಸ್ತುಶಿಲ್ಪಿ ಬಿ.ವಿ. ದೋಶಿ ಅವರು ಬನ್ನೇರುಘಟ್ಟ ರಸ್ತೆಯ ಐಐಎಂ ಆವರಣವನ್ನು 1970ರ ದಶಕದಲ್ಲಿ ರೂಪಿಸುವಾಗ ಫತೇಪುರ್ ಸಿಕ್ರಿಯ ಅಂಗಳಗಳನ್ನೂ ಮದುರೆಯ ದೇವಾಲಯದ ಪ್ರಾಕಾರಗಳನ್ನೂ ಮನಸ್ಸಿನಲ್ಲಿಟ್ಟುಕೊಂಡಿದ್ದರು ಎಂಬುದನ್ನು ಎಲ್ಲರೂ ಬರೆಯುತ್ತಾರೆ. ಬರೆಯಬೇಕಾದದ್ದು ಇನ್ನೂ ಇದೆ. ಒರಟು ಕಲ್ಲಿನ ಗೋಡೆಗಳ ನಡುವಿನ ಆ ಓಣಿಗಳು ಕೆಲವೆಡೆ ಮುಚ್ಚಿವೆ, ಕೆಲವೆಡೆ ಕಾಂಕ್ರೀಟ್ ಪಟ್ಟಿಗಳ ಚಪ್ಪರವಾಗಿವೆ, ಕೆಲವೆಡೆ ಆಕಾಶಕ್ಕೆ ತೆರೆದಿವೆ. ಬೆಳಿಗ್ಗೆ ಹತ್ತು ಗಂಟೆಗೆ ನೆಲದ ಮೇಲೆ ಬಿದ್ದ ನೆರಳಿನ ಗೆರೆಗಳು ನಾಲ್ಕು ಗಂಟೆಗೆ ಗೋಡೆ ಹತ್ತಿರುತ್ತವೆ. ಗಿಡಗಳು ಸಣ್ಣವಿದ್ದಾಗ ಕಲ್ಲೇ ಕಣ್ಣಿಗೆ ಹೊಡೆಯುತ್ತಿದ್ದ ಆವರಣವನ್ನು ಇಂದು ಬಳ್ಳಿಯೂ ಮರವೂ ಆವರಿಸಿವೆ. ಕಟ್ಟಿ ಮುಗಿಸಿದ ವರ್ಷದ ಚಿತ್ರವನ್ನು ನೋಡಿ ‘ಕಠೋರ’ ಎಂದವರೂ ಇಂದು ನೋಡಿ ‘ತಂಪು’ ಎನ್ನುವವರೂ ಒಂದೇ ಕಟ್ಟಡದ ಎರಡು ವಯಸ್ಸುಗಳ ಬಗ್ಗೆ ಮಾತಾಡುತ್ತಿದ್ದಾರೆ. ನಿಮ್ಮ ಕರಡಿನಲ್ಲಿ ಗಡಿಯಾರವೂ ಇಲ್ಲ, ಪಂಚಾಂಗವೂ ಇಲ್ಲ. ನೀವು ಎಷ್ಟು ಗಂಟೆಗೆ, ಯಾವ ತಿಂಗಳಲ್ಲಿ ಹೋಗಿದ್ದಿರಿ ಎಂಬುದು ಹನ್ನೆರಡು ಪುಟ ಓದಿದರೂ ತಿಳಿಯಲಿಲ್ಲ.

ಈ ವಿಷಯದಲ್ಲಿ ನಾನು ಮಾಡಿದ ತಪ್ಪೊಂದನ್ನು ಹೇಳಬೇಕು. ವರ್ಷಗಳ ಹಿಂದೆ ನಗರದ ಒಂದು ಕಚೇರಿ ಕಟ್ಟಡದ ಬಗ್ಗೆ ಬರೆಯುತ್ತ, ಅದರ ಉತ್ತರದ ಕಿಟಕಿಗಳನ್ನು ಹೊಗಳಿ, ಅವುಗಳಿಂದ ನೇರ ಬಿಸಿಲು ಎಂದೂ ಒಳಗೆ ಬರುವುದಿಲ್ಲ ಎಂದು ಬರೆದಿದ್ದೆ. ನಾನು ಅಲ್ಲಿಗೆ ಹೋಗಿದ್ದು ಡಿಸೆಂಬರಿನಲ್ಲಿ. ಲೇಖನ ಅಚ್ಚಾದ ಮೇಲೆ ಜೂನ್ ತಿಂಗಳಲ್ಲಿ ಅಲ್ಲಿ ಕೆಲಸ ಮಾಡುವ ಗುಮಾಸ್ತರೊಬ್ಬರು ಪತ್ರ ಬರೆದು, ಬೆಳಿಗ್ಗೆ ಎಂಟೂವರೆಗೆ ಬಿಸಿಲು ತಮ್ಮ ಮೇಜಿನ ಮೇಲೆ ಇರುತ್ತದೆಂದೂ ಕಿಟಕಿಗೆ ಕಾಗದ ಅಂಟಿಸಿಕೊಂಡಿದ್ದೇವೆಂದೂ ತಿಳಿಸಿದರು. ಅವರು ಹೇಳಿದ್ದು ಪೂರ್ತಿ ಸರಿ. ಬೆಂಗಳೂರು ಇರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ಇಲ್ಲಿ ನಡುಹಗಲಿನ ಸೂರ್ಯನೂ ನೆತ್ತಿಯಿಂದ ಉತ್ತರಕ್ಕೇ ಇರುತ್ತಾನೆ. ಉತ್ತರದ ಬೆಳಕು ಸದಾ ತಂಪು ಎಂಬುದು ಯುರೋಪಿನ ಪಠ್ಯಪುಸ್ತಕಗಳ ಸತ್ಯ, ನಮ್ಮೂರಿನದಲ್ಲ. ನಾನು ಓದಿ ಕಲಿತದ್ದನ್ನು ಕಂಡದ್ದೆಂಬಂತೆ ಬರೆದಿದ್ದೆ, ಅದೇ ನನ್ನ ಕಟ್ಟುಕಥೆಯಾಯಿತು. ಅಂದಿನಿಂದ ‘ಎಂದೂ’, ‘ಸದಾ’, ‘ಯಾವಾಗಲೂ’ ಎಂಬ ಪದಗಳು ಕರಡಿನಲ್ಲಿ ಕಂಡರೆ ಕೆಂಪು ಶಾಯಿಯಲ್ಲಿ ಸುತ್ತು ಹಾಕುತ್ತೇನೆ. ನಿಮ್ಮ ಕರಡಿನಲ್ಲಿ ಅಂಥವು ಒಂಬತ್ತಿವೆ.

ಕಥೆಗೆ ಕಾರಣವೂ ಬೇಕು. ನಿಲ್ದಾಣದ ನೆಲಮಹಡಿ ಕತ್ತಲೆಯಾಗಿದೆ ಎಂದು ನೀವು ಬರೆದು, ಅದಕ್ಕೆ ವಾಸ್ತುಶಿಲ್ಪಿಯ ಅಭಿರುಚಿಯನ್ನು ದೂರುತ್ತೀರಿ. ನಗರಗಳ ಅಭಿವೃದ್ಧಿಗೆಂದು ಕೇಂದ್ರ ಸರ್ಕಾರ 2005ರಲ್ಲಿ ಆರಂಭಿಸಿದ ಜೆ–ನರ್ಮ್ ಯೋಜನೆಯ ನೆರವಿನಿಂದ ನಮ್ಮ ನಗರದಲ್ಲಿ ಎದ್ದ ಇಂಥ ಬಸ್ ನಿಲ್ದಾಣ ಸಮುಚ್ಚಯಗಳ ಹಿಂದೆ ಒಂದು ಲೆಕ್ಕಾಚಾರವಿತ್ತು: ಮೇಲಿನ ಮಹಡಿಗಳ ಬಾಡಿಗೆಯಿಂದ ಕೆಳಗಿನ ಬಸ್ಸುಗಳ ಖರ್ಚಿಗೆ ನೆರವಾಗಬೇಕು. ಬಾಡಿಗೆ ಬರುವ ಮಹಡಿಗಳು ಹೆಚ್ಚಿದಷ್ಟೂ ಬಸ್ಸು ಕಾಯುವವರ ತಲೆಯ ಮೇಲಿನ ಸ್ಲ್ಯಾಬ್ ಅಗಲವಾಗುತ್ತದೆ, ಕಂಬಗಳು ದಪ್ಪವಾಗುತ್ತವೆ, ಬೆಳಕು ಅಂಚಿಗೆ ಸರಿಯುತ್ತದೆ. ನಿಮ್ಮ ಕಟ್ಟಡವೂ ಇದೇ ಲೆಕ್ಕದಲ್ಲಿ ಎದ್ದಿದ್ದೇ ಎಂಬುದನ್ನು ಟೆಂಡರ್ ಕಾಗದಗಳಲ್ಲಿ ನೋಡಿ ಖಚಿತಪಡಿಸಿಕೊಳ್ಳಿ. ಮಾಹಿತಿ ಹಕ್ಕಿನಡಿ ಕೇಳಿದರೆ ಸಿಗುವಂಥವು ಅವು. ಹಾಗೆಂದು ವಾಸ್ತುಶಿಲ್ಪಿಯ ಹೊಣೆ ಇಲ್ಲವಾಗುವುದಿಲ್ಲ. ಅದೇ ಲೆಕ್ಕದೊಳಗೆ ಒಂದು ಬೆಳಕಿನ ಬಾವಿಯನ್ನು ಬಿಡಲು ಸಾಧ್ಯವಿತ್ತೇ ಎಂದು ಕೇಳಬಹುದು, ಕೇಳಲೇಬೇಕು. ಆದರೆ ಆ ಪ್ರಶ್ನೆಗೆ ಬಲ ಬರುವುದು ಲೆಕ್ಕವನ್ನು ಓದುಗರ ಮುಂದೆ ಇಟ್ಟ ಮೇಲೆ.

ಇಲ್ಲಿ ನಾಯಕರ ಸಮಸ್ಯೆಗೆ ಬರುತ್ತೇನೆ, ಏಕೆಂದರೆ ಕಥೆ ಹೇಳಹೊರಟವರನ್ನೆಲ್ಲ ಅದು ಕಾಡುತ್ತದೆ. ನಮಗೆ ಒಬ್ಬ ಅಮರಶಿಲ್ಪಿ ಬೇಕು. ಬೇಲೂರಿನ ಕಪ್ಪೆ ಚೆನ್ನಿಗರಾಯನ ವಿಗ್ರಹದ ಮುಂದೆ ನಿಂತ ಪ್ರತಿಯೊಬ್ಬರೂ ಜಕಣಾಚಾರಿಯ ಕಥೆಯನ್ನು ಕೇಳಿರುತ್ತಾರೆ: ತಂದೆಯ ಶಿಲೆಯಲ್ಲಿ ದೋಷವಿದೆಯೆಂದ ಮಗ, ಕಲ್ಲಿನೊಳಗಿಂದ ಹೊರಬಂದ ಕಪ್ಪೆ, ಕೈ ಕತ್ತರಿಸಿಕೊಂಡ ತಂದೆ. ಆ ಕಥೆಯ ಬಿಗಿ ಎಷ್ಟಿದೆಯೆಂದರೆ ಅದೇ ಗುಡಿಯಲ್ಲಿ ಬಳ್ಳಿಗಾವೆಯ ದಾಸೋಜ ಮತ್ತು ಅವನ ಮಗ ಚಾವಣ ತಮ್ಮ ಹೆಸರನ್ನು ಕೆತ್ತಿಟ್ಟು ಹೋಗಿರುವುದನ್ನು ಯಾರೂ ಬಾಗಿ ನೋಡುವುದಿಲ್ಲ. ಸೋಮನಾಥಪುರದಲ್ಲಿ ಶಿಲ್ಪಿ ಮಲ್ಲಿತಮ್ಮನ ಹೆಸರು ಹತ್ತಾರು ಕಡೆ ಇದೆ. ತಂದೆ ಮಗ ಇಬ್ಬರೂ ಶಿಲ್ಪಿಗಳಾಗಿ ಬೇರೆ ಊರಿನಿಂದ ಬಂದು ಒಂದೇ ಗುಡಿಯಲ್ಲಿ ದುಡಿದರೆಂಬ, ಶಾಸನದಲ್ಲೇ ಇರುವ ಸಂಗತಿ ನನಗೆ ಕಪ್ಪೆಯ ಕಥೆಗಿಂತ ಹೆಚ್ಚು ರೋಮಾಂಚನ ತರುತ್ತದೆ. ಪಟ್ಟದಕಲ್ಲಿನಲ್ಲಿ ಎಂಟನೆಯ ಶತಮಾನದ ಕನ್ನಡ ಶಾಸನ ವಿರೂಪಾಕ್ಷ ದೇವಾಲಯವನ್ನು ಕಟ್ಟಿದ ಗುಂಡನನ್ನು ಹೆಸರು ಹಿಡಿದು, ಅನಿವಾರಿತಾಚಾರಿ ಎಂದು ಕರೆದು, ಅವನಿಗೆ ತ್ರಿಭುವನಾಚಾರಿ ಎಂಬ ಬಿರುದು ಸಂದದ್ದನ್ನು ದಾಖಲಿಸುತ್ತದೆ. ಅಲ್ಲಿಯೇ ಸರ್ವಸಿದ್ಧಿ ಆಚಾರಿಯನ್ನು ತೆಂಕಣ ದಿಕ್ಕಿನ ಸೂತ್ರಧಾರಿ ಎಂದು ಕರೆಯಲಾಗಿದೆ. ಅಳತೆಯ ದಾರ ಹಿಡಿದವನಿಗೂ ರಂಗದ ಮೇಲೆ ಕಥೆ ನಡೆಸುವವನಿಗೂ ನಮ್ಮಲ್ಲಿ ಒಂದೇ ಹೆಸರು. ಎಲ್ಲೋರದ ಕೈಲಾಸ ದೇವಾಲಯದ ಬಗ್ಗೆ ರಾಷ್ಟ್ರಕೂಟ ವಂಶದ ಕರ್ಕನ ತಾಮ್ರಶಾಸನ ಬೇರೆ ದಾರಿ ಹಿಡಿಯುತ್ತದೆ. ವಿಮಾನಗಳಲ್ಲಿ ಸಾಗುತ್ತಿದ್ದ ದೇವತೆಗಳು ಅದನ್ನು ಕಂಡು ಬೆರಗಾದರು, ಅಷ್ಟೇ ಏಕೆ, ಮಾಡಿದವನೇ ಇದನ್ನು ಹೇಗೆ ಮಾಡಿದೆನೋ ಎಂದು ಅಚ್ಚರಿಪಟ್ಟನು ಎನ್ನುತ್ತದೆ. ಸೊಗಸಾದ ಕಥನ, ಆದರೆ ಆ ಅಚ್ಚರಿಪಟ್ಟವನ ಹೆಸರು ಅಲ್ಲಿಲ್ಲ. ಬೆರಗು ಮತ್ತು ಹೆಸರು, ಎರಡೂ ಒಂದೇ ಬರಹದಲ್ಲಿ ಇರಬೇಕೆಂದು ನಾನು ಬಯಸುತ್ತೇನೆ.

ನಮ್ಮ ಕಾಲಕ್ಕೂ ಇದು ಅನ್ವಯಿಸುತ್ತದೆ. ವಿಧಾನಸೌಧವೆಂದರೆ ಕೆಂಗಲ್ ಹನುಮಂತಯ್ಯನವರು, ಸ್ವಲ್ಪ ಹೆಚ್ಚು ಓದಿದವರಿಗೆ ಮುಖ್ಯ ಎಂಜಿನಿಯರ್ ಬಿ.ಆರ್. ಮಾಣಿಕ್ಯಂ. ಅವರಿಬ್ಬರ ಪಾತ್ರ ದೊಡ್ಡದು, ಅದರಲ್ಲಿ ಸಂಶಯವಿಲ್ಲ. ಆ ಕಲ್ಲುಗಳಿಗೆ ಉಳಿ ಹಿಡಿದ ಸಾವಿರಾರು ಕಲ್ಲುಕುಟಿಗರು, ಬಡಗಿಗಳು, ಕೂಲಿಯವರು, ಅವರ ಜೊತೆ ದುಡಿಸಲಾದ ಸೆರೆಮನೆಯ ಕೈದಿಗಳು ನಮ್ಮ ವಾಕ್ಯಗಳಲ್ಲಿ ಎಲ್ಲಿ ಮಾಯವಾಗುತ್ತಾರೆ? ನನ್ನ ಅನುಭವದಲ್ಲಿ ಅವರು ಮಾಯವಾಗುವುದು ವ್ಯಾಕರಣದಲ್ಲಿ. ‘ನಿರ್ಮಿಸಲಾಗಿದೆ’, ‘ಅಳವಡಿಸಲಾಗಿದೆ’, ‘ವಿನ್ಯಾಸಗೊಳಿಸಲಾಗಿದೆ’: ಸರ್ಕಾರಿ ಟಿಪ್ಪಣಿಗಳಿಂದ ಪತ್ರಿಕೆಗಳಿಗೂ ಅಲ್ಲಿಂದ ನಮ್ಮ ಪಾಠದ ಟಿಪ್ಪಣಿಗಳಿಗೂ ಇಳಿದುಬಂದ ಈ ಕರ್ಮಣಿ ಪ್ರಯೋಗ ಮಾಡಿದವರನ್ನೂ ಮುಚ್ಚುತ್ತದೆ, ತಪ್ಪು ಮಾಡಿದವರನ್ನೂ ಮುಚ್ಚುತ್ತದೆ. (ಮೇಲಿನ ಪ್ಯಾರಾದಲ್ಲಿ ನಾನೇ ‘ಕರೆಯಲಾಗಿದೆ’ ಎಂದು ಬರೆದೆ, ಏಕೆಂದರೆ ಆ ಶಾಸನವನ್ನು ಬರೆಸಿದವರು ಯಾರೆಂಬುದು ಅಲ್ಲಿ ಮುಖ್ಯವಾಗಿರಲಿಲ್ಲ, ಅದು ಸಲ್ಲುವ ಕಡೆ ಸಲ್ಲುತ್ತದೆ.) ನಿಮ್ಮ ಮೂರನೆಯ ಪುಟದಲ್ಲಿ ಹೀಗಿದೆ: ‘ಮೆಟ್ಟಿಲುಗಳನ್ನು ಅಗಲವಾಗಿ ವಿನ್ಯಾಸಗೊಳಿಸಲಾಗಿದ್ದು, ಬಳಕೆದಾರಸ್ನೇಹಿಯಾಗಿವೆ.’ ಅದನ್ನು ನಾನು ತಿದ್ದುವುದಾದರೆ ಮೊದಲು ಟೇಪು ಹಿಡಿದು ಅಲ್ಲಿಗೆ ಹೋಗುತ್ತೇನೆ. ಸಾರ್ವಜನಿಕ ಕಟ್ಟಡದ ಮೆಟ್ಟಿಲು ಆರು ಇಂಚಿಗಿಂತ ಎತ್ತರ ಇರಬಾರದು, ಕಾಲಿಡುವ ಜಾಗ ಒಂದು ಅಡಿಗಿಂತ ಕಡಿಮೆ ಇರಬಾರದು ಎಂಬುದು ನಿಮಗೆ ತರಗತಿಯಲ್ಲೇ ಗೊತ್ತಾಗಿರುತ್ತದೆ. ಅಲ್ಲಿ ಏಳು ಇಂಚು ಸಿಕ್ಕಿತೆಂದು ಇಟ್ಟುಕೊಳ್ಳಿ. ಆಗ ವಾಕ್ಯ ಹೀಗಾಗಬಹುದು: ‘ಮೆಟ್ಟಿಲುಗಳು ನಾಲ್ಕು ಜನ ಸಾಲಾಗಿ ಹತ್ತುವಷ್ಟು ಅಗಲವಾಗಿವೆ, ಆದರೆ ಒಂದೊಂದೂ ಏಳು ಇಂಚು ಎತ್ತರ, ನನ್ನ ಅಜ್ಜಿ ಹದಿನಾಲ್ಕನೆಯದರಲ್ಲಿ ನಿಂತರು, ಕಂಬಿ ಅವರಿಂದ ಮೂರು ಜನರಾಚೆ ಇತ್ತು.’ ಅಜ್ಜಿ ಕಟ್ಟಡದೊಳಗೆ ಬರುವುದು ಹೀಗೆ. ಅವರನ್ನು ನಿಜವಾಗಿಯೂ ಕರೆದುಕೊಂಡು ಹೋಗಿ. ಮೊಣಕಾಲಿಗೆ ಆಗದೆಂದರೆ ಬಿಡಿ, ಬೇರೆ ಯಾರು ಹೇಗೆ ಹತ್ತುತ್ತಾರೆಂದು ನಿಂತು ನೋಡಿ. ಹದಿನಾಲ್ಕನೆಯ ಮೆಟ್ಟಿಲನ್ನು ಊಹಿಸಿ ಬರೆಯುವ ಹಕ್ಕು ನಮಗಿಲ್ಲ.

ಪದಗಳ ಬಗ್ಗೆ. ‘ಸ್ಪೇಸ್’ ಎಂಬುದಕ್ಕೆ ನೀವು ‘ಅವಕಾಶ’ ಎಂದು ಇಪ್ಪತ್ತಕ್ಕೂ ಹೆಚ್ಚು ಸಲ ಬರೆದಿದ್ದೀರಿ. ‘ಅವಕಾಶ’ ಎಂದರೆ ಕನ್ನಡ ಓದುಗರಿಗೆ ಮೊದಲು ಹೊಳೆಯುವುದು ಕೆಲಸದ ಅವಕಾಶ. ನಮ್ಮಲ್ಲಿ ಜಾಗ, ಎಡೆ, ಸಂದು, ಮೂಲೆ, ಓಣಿ, ಅಂಗಳ, ಪಡಸಾಲೆ, ಮೊಗಸಾಲೆ, ಹಿತ್ತಿಲು, ಬಯಲು ಎಂಬ ಪದಗಳಿವೆ, ಪ್ರತಿಯೊಂದಕ್ಕೂ ಅದರದೇ ಅಗಲ, ಅದರದೇ ಬೆಳಕು ಇದೆ. ಸರಿಯಾದುದನ್ನು ಆರಿಸಿದರೆ ವರ್ಣನೆಯ ಅರ್ಧ ಕೆಲಸ ಮುಗಿಯುತ್ತದೆ. ಮೇಸ್ತ್ರಿಗಳು ಆಡುವ ಸಜ್ಜಾ, ಲಿಂಟಲ್, ಸ್ಲ್ಯಾಬ್, ಸೆಂಟ್ರಿಂಗ್, ಗ್ರಿಲ್ ಮೊದಲಾದವನ್ನು ಹಾಗೆಯೇ ಬಳಸಿ, ಅವಕ್ಕೆ ಸಂಸ್ಕೃತದಿಂದ ಹೊಸ ಹೆಸರು ಹುಡುಕುವುದು ಬೇಡ. ಅದೇ ಹೊತ್ತಿಗೆ, ಹಳೆಯ ಪದಗಳ ಸಿಹಿಗೆ ಮರುಳಾಗುವುದೂ ಬೇಡ. ನಿಲ್ದಾಣದ ಮುಂದಿನ ಕಟ್ಟೆಯನ್ನು ನೀವು ‘ಆಧುನಿಕ ಜಗುಲಿ’ ಎಂದು ಕರೆದಿದ್ದೀರಿ. ಜಗುಲಿ ಬಂದವರನ್ನು ಕೂರಿಸುವ ಜಾಗವಾಗಿತ್ತು, ನಿಜ. ಯಾರು ಜಗುಲಿಯವರೆಗೆ ಬರಬಹುದು, ಯಾರು ಅದರ ಕೆಳಗೇ ನಿಲ್ಲಬೇಕು ಎಂದು ಜಾತಿ ನೋಡಿ ತೀರ್ಮಾನಿಸುವ ಜಾಗವೂ ಆಗಿತ್ತು. ಬಸ್ ನಿಲ್ದಾಣದ ಕಟ್ಟೆಯ ದೊಡ್ಡಸ್ತಿಕೆ ಇರುವುದೇ ಅಲ್ಲಿ ಯಾರೂ ಯಾರನ್ನೂ ಹಾಗೆ ಕೇಳುವುದಿಲ್ಲ ಎಂಬುದರಲ್ಲಿ. ಆ ಹೋಲಿಕೆಯಿಂದ ನೀವು ನಿಮ್ಮ ಕಟ್ಟಡದ ಒಂದು ಒಳ್ಳೆಯ ಗುಣವನ್ನೇ ಮರೆಮಾಡಿದಿರಿ.

ಎರವಲು ನುಡಿಗಟ್ಟುಗಳ ಬಗ್ಗೆಯೂ ಇದೇ ಎಚ್ಚರ ಬೇಕು. ಕೆಂಪೇಗೌಡ ವಿಮಾನ ನಿಲ್ದಾಣದ ಎರಡನೆಯ ಟರ್ಮಿನಲ್ 2022ರಲ್ಲಿ ಉದ್ಘಾಟನೆಯಾದಾಗ ‘ಉದ್ಯಾನದೊಳಗಿನ ಟರ್ಮಿನಲ್’ ಎಂಬ ಮಾತು ಎಲ್ಲೆಡೆ ಅಚ್ಚಾಯಿತು. ಅದು ಕಟ್ಟಿದವರೇ ಕೊಟ್ಟ ಮಾತು. ಅದು ಸುಳ್ಳೆಂದು ನಾನು ಹೇಳುತ್ತಿಲ್ಲ. ಒಳಗಿನ ಹಸಿರೂ ಬಿದಿರಿನ ಚಾವಣಿಯೂ ಕಣ್ಣಿಗೆ ಹಿತವಾಗಿವೆ. ಆದರೆ ಸಾಮಾನು ಎಳೆದುಕೊಂಡು ಬಂದ ಪ್ರಯಾಣಿಕರು ಯಾವ ಗಿಡದ ಪಕ್ಕ ಕೂರಬಹುದು, ಯಾವುದನ್ನು ಬರೀ ನೋಡಬಹುದು ಎಂದು ಪರೀಕ್ಷಿಸದೆ ಆ ಮಾತನ್ನು ನಮ್ಮ ವಾಕ್ಯವಾಗಿ ಬರೆಯಬಾರದು. ಕರಡಿನಲ್ಲಿ ವಾಸ್ತುಶಿಲ್ಪಿಯ ಟಿಪ್ಪಣಿಯಿಂದ ಬಂದ ಮಾತುಗಳಿಗೆ ಒಂದು ಬಣ್ಣ, ನೀವು ಕಂಡದ್ದಕ್ಕೆ ಇನ್ನೊಂದು, ಬೇರೆಯವರು ಹೇಳಿದ್ದಕ್ಕೆ ಮತ್ತೊಂದು ಬಣ್ಣದಲ್ಲಿ ಗೆರೆ ಎಳೆಯಿರಿ. ನಿಮ್ಮ ಪ್ರತಿಯಲ್ಲಿ ನಾನು ಹಾಗೆ ಮಾಡಿ ನೋಡಿದೆ. ಮೊದಲ ನಾಲ್ಕು ಪುಟ ಪೂರ್ತಿ ಮೊದಲ ಬಣ್ಣದಲ್ಲಿವೆ, ಗೆಳತಿಯರಿಗೆ ವರದಿಯೆನಿಸಿದ್ದು ಅದಕ್ಕೇ.

ಇನ್ನು ಕತ್ತರಿಸುವ ಕೆಲಸ. ಹಳೆಯ ಮನೆಗಳನ್ನು ಅಂಕಣದ ಲೆಕ್ಕದಲ್ಲಿ ಹೇಳುತ್ತಿದ್ದರು: ಎರಡು ಕಂಬಗಳ ನಡುವೆ ಒಂದು ಅಂಕಣ, ಅದರ ಅಗಲ ಸಿಗುವ ತೊಲೆಯ ಉದ್ದದ ಮೇಲೆ ನಿಂತಿತ್ತು. ಪತ್ರಿಕೆಯ ಅಂಕಣಕ್ಕೂ ಅದೇ ಪದ ಬಂದಿದೆ, ಅದೇ ನಿಯಮವೂ ಸಲ್ಲುತ್ತದೆ. ಒಂದು ಪ್ಯಾರಾವನ್ನು ಹೊರುವ ಸಂಗತಿ ಎಷ್ಟು ಗಟ್ಟಿಯೋ ಅಷ್ಟೇ ಉದ್ದಕ್ಕೆ ಆ ಪ್ಯಾರಾ ಹೋಗಬೇಕು. ಹೂವಿನವರ ತಿರುವು ಎರಡು ಪುಟವನ್ನು ಹೊರುತ್ತದೆ. ಮುಂಭಾಗದ ಗಾಜಿನ ಬಣ್ಣ ಎರಡು ಸಾಲಿಗಿಂತ ಹೆಚ್ಚು ಹೊರಲಾರದು, ನೀವು ಅದಕ್ಕೆ ಒಂದೂವರೆ ಪುಟ ಹೊರಿಸಿದ್ದೀರಿ. ಕರಡನ್ನು ಗಟ್ಟಿಯಾಗಿ ಓದಿ, ಸಾಧ್ಯವಾದರೆ ನಿಲ್ದಾಣದ ಕಟ್ಟೆಯ ಮೇಲೇ ಕುಳಿತು. ಎದುರಿಗಿರುವುದಕ್ಕೆ ಹೊಂದದ ವಾಕ್ಯ ಬಾಯಲ್ಲಿ ತಡವರಿಸುತ್ತದೆ, ಅಲ್ಲೇ ಹೊಡೆದುಹಾಕಿ. ‘ವಿಶಿಷ್ಟ’, ‘ಭವ್ಯ’, ‘ಕಲಾತ್ಮಕ’ ಇವನ್ನು ಕಂಡಲ್ಲೇ ತೆಗೆಯಬಹುದು.

ವಿಮರ್ಶೆ ಎಲ್ಲಿ ಎಂದ ನಿಮ್ಮ ಮೇಷ್ಟ್ರಿಗೆ ನಾನು ಗೌರವದಿಂದ ಹೇಳುವುದಿಷ್ಟು: ತೀರ್ಪನ್ನು ಕೊನೆಯ ಪುಟದಲ್ಲಿ ಪ್ರತ್ಯೇಕವಾಗಿ ಬರೆಯಬೇಕಾಗಿಲ್ಲ, ಆದರೆ ತೀರ್ಪು ಇರಲೇಬೇಕು. ಅಡಾ ಲೂಯಿ ಹಕ್ಸ್‌ಟಬಲ್ 1963ರಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಪೂರ್ಣಾವಧಿ ವಾಸ್ತುಶಿಲ್ಪ ವಿಮರ್ಶಕಿಯಾದರು. ಅದೇ ವರ್ಷ ಆ ನಗರದ ಹಳೆಯ ರೈಲು ನಿಲ್ದಾಣ ಪೆನ್ ಸ್ಟೇಷನ್ ಅನ್ನು ಕೆಡವುವ ಕೆಲಸ ಆರಂಭವಾಗಿತ್ತು, ಎರಡು ವರ್ಷದಲ್ಲಿ ಹಳೆಯ ಕಟ್ಟಡಗಳನ್ನು ಉಳಿಸುವ ಕಾನೂನು ಬಂತು. 1970ರಲ್ಲಿ ವಿಮರ್ಶೆಗೆಂದು ಮೊದಲ ಬಾರಿ ಕೊಟ್ಟ ಪುಲಿಟ್ಜರ್ ಪ್ರಶಸ್ತಿ ಅವರಿಗೇ ಸಂದಿತು. ಅವರು ಬರೆದದ್ದು ದಿನಪತ್ರಿಕೆ ಓದುವ ನಾಗರಿಕರಿಗಾಗಿ. ಯಾರ ಹಣದಲ್ಲಿ, ಯಾರಿಗಾಗಿ, ಯಾವುದನ್ನು ಕೆಡವಿ ಎಂಬ ಪ್ರಶ್ನೆಗಳು ಅವರ ವಾಕ್ಯಗಳಲ್ಲೇ ಇರುತ್ತಿದ್ದವು. ದೆಹಲಿಯ ಪ್ರಗತಿ ಮೈದಾನದಲ್ಲಿ ವಾಸ್ತುಶಿಲ್ಪಿ ರಾಜ್ ರೇವಾಲ್ ಅವರ 1972ರ ಪ್ರದರ್ಶನ ಭವನ ಹಾಲ್ ಆಫ್ ನೇಷನ್ಸ್ 2017ರ ಏಪ್ರಿಲ್‌ನಲ್ಲಿ ಒಂದೇ ರಾತ್ರಿ ಉರುಳಿದಾಗ, ವಾಸ್ತುಶಿಲ್ಪಿಗಳ ವಲಯದಾಚೆ ಅದರ ಕಥೆಯನ್ನು ಬಲ್ಲವರು ಎಷ್ಟು ಕಡಿಮೆ ಎಂದು ನನಗೆ ನೋವಾಗಿತ್ತು. ನಮ್ಮ ಕಟ್ಟಡಗಳ ಬಗ್ಗೆ ಕನ್ನಡದಲ್ಲಿ, ಬಸ್ಸು ಕಾಯುವವರೂ ಓದಬಹುದಾದ ಕನ್ನಡದಲ್ಲಿ, ಬರೆಯಬೇಕೆಂದು ನಾನು ಇಷ್ಟು ಹಟ ಹಿಡಿಯುವುದು ಅದಕ್ಕೇ. ನಿಮ್ಮ ತೀರ್ಪು ವಾಸ್ತುಶಿಲ್ಪಿಗೆ ಕಹಿಯಾಗುವಂತಿದ್ದರೆ ಅಚ್ಚಿಗೆ ಮುನ್ನ ಅವರನ್ನು ಭೇಟಿಯಾಗಿ ಸಂಗತಿಗಳನ್ನು ಕೇಳಿ, ಅವರ ಉತ್ತರಕ್ಕೆ ಲೇಖನದಲ್ಲಿ ಜಾಗ ಕೊಡಿ. ಕರಡನ್ನು ಮಾತ್ರ ತೋರಿಸಬೇಡಿ.

ನಿಮ್ಮ ಮುಂದಿನ ಕರಡು ಏಳನೆಯ ಪುಟದ ಆ ವಾಕ್ಯದಿಂದ ಆರಂಭವಾಗಲಿ, ಆದರೆ ಅದರಲ್ಲಿರುವ ‘ಬರುತ್ತದಂತೆ’ ಎಂಬುದನ್ನು ನಾನು ಒಪ್ಪುವುದಿಲ್ಲ. ಒಂದು ಬೆಳಿಗ್ಗೆ, ಒಂದು ಮಧ್ಯಾಹ್ನ ಮೂರು ಗಂಟೆಗೆ, ಮತ್ತು ಮಳೆ ಬರುವ ಒಂದು ಸಂಜೆ ಆ ತಿರುವಿನಲ್ಲಿ ನೀವೇ ಅರ್ಧ ಗಂಟೆ ನಿಂತು ಬನ್ನಿ. ಹೂವಿನವರನ್ನು ಮಾತಾಡಿಸಿ, ಅವರು ಒಪ್ಪಿದರೆ ಮಾತ್ರ ಅವರ ಬಗ್ಗೆ ಬರೆಯಿರಿ. ಒಪ್ಪದಿದ್ದರೆ ಗಾಳಿಯ ಬಗ್ಗೆ ಬರೆಯಿರಿ. ಮಳೆಯಲ್ಲಿ ಆ ಸಂದಿನಿಂದ ಎರಚಲು ಒಳಗೆ ಬರುತ್ತದೆಯೇ, ಬಂದರೆ ಅವರು ಬುಟ್ಟಿಯನ್ನು ಎಲ್ಲಿಗೆ ಸರಿಸುತ್ತಾರೆ ಎಂಬುದನ್ನು ಗುರುತು ಮಾಡಿಕೊಳ್ಳಿ. ಮೊದಲ ನಾಲ್ಕು ಪುಟಗಳಲ್ಲಿ ಉಳಿಯಬೇಕಾದದ್ದು ಛೇದನಕ್ಷೆಯೊಂದೇ. ಹೊಂಗೆಮರವನ್ನು ಈಗಿನ ನಕ್ಷೆಯ ಮೇಲೆ ಎಲ್ಲಿತ್ತೆಂದು ಅಜ್ಜಿಯ ಕೈಯಿಂದಲೇ ಗುರುತು ಹಾಕಿಸಿ. ಅದು ಈಗಿನ ಪ್ಲಾಟ್‌ಫಾರಂನ ಬಿಸಿಲು ಬೀಳುವ ಅಂಚಿನಲ್ಲೇ ಇತ್ತೆಂದು ತಿಳಿದರೆ ಆ ಮರಕ್ಕೆ ನಿಮ್ಮ ವಿಮರ್ಶೆಯಲ್ಲಿ ಜಾಗವಿದೆ.